ಐದು ಮಿಲಿಮೀಟರ್ ದಪ್ಪದ ಅಂಗಿ

ಇಪ್ಪತ್ತೇಳು ವರ್ಷ ನೀರಿನಿಂದ ಹೆಣ ತೆಗೆದದ್ದಕ್ಕೆ ಖಾಜಾಮಿಯಾನಿಗೆ ಜನ ಕೊಟ್ಟದ್ದು ಹನ್ನೊಂದು ಶಾಲು. ಸುರಪುರದ ರಂಗಂಪೇಟೆಯ ಮನೆಯಲ್ಲಿ ಹನ್ನೊಂದನ್ನೂ ಒಟ್ಟಿಗೆ ಹೊದ್ದರೂ ಅವನ ಚಳಿ ಬಿಡುತ್ತಿರಲಿಲ್ಲ. ಯಾದಗಿರಿ, ಶಹಾಪುರ, ಸುರಪುರ, ಮೂರು ತಾಲೂಕಿನಲ್ಲಿ ಯಾರು ಬಾವಿಗೆ ಹಾರಲಿ, ಯಾರು ಹೊಳೆಯಲ್ಲಿ ಜಾರಲಿ, ಮುಳುಗಬೇಕಾದವನು ಇವನೇ. ಕಾಯಂ ನೌಕರಿ ಕೇಳಲು ಹೋದಾಗ ಯಾವುದೋ ಕಚೇರಿಯ ಸಾಹೇಬರು, ‘ವಯಸ್ಸು ಮುಗದದಲ್ಲಪಾ’ ಎಂದು ಚಹಾ ಕುಡಿಸಿ ಕಳಿಸಿದ್ದರು. ಹೆಣ ತೆಗೆಯುವುದಕ್ಕೆ ಮಾತ್ರ ವಯಸ್ಸು ಮುಗಿದಿರಲಿಲ್ಲ.

ಹೆಂಡತಿ ಖಾಸಿಂಬೀ ಮನೆಯಲ್ಲಿ ಆಡುವುದು ದಖನಿ ಉರ್ದು. ಸಿಟ್ಟು ಬಂದರೆ ಮಾತ್ರ ಕನ್ನಡಕ್ಕೆ ಇಳಿಯುತ್ತಿದ್ದಳು, ಓಣಿಗೆಲ್ಲ ತಿಳಿಯಲಿ ಎಂದು. “ಬಸ್ ಮಾಡ್ರಿ ಇನ್ನ! ಹೋದ ಚಳಿಗಾಲ್ದಾಗ ನಿಮೋನಿಯಾ ಆಗಿ ಸಾವು ಕಂಡು ಬಂದೀರಿ. ಥಂಡಿ ನೀರಿಗೆ ಇಳಿಬ್ಯಾಡ್ರಿ ಅಂತ ಡಾಕ್ಟರ್ ಕೈ ಮುಗದು ಹೇಳ್ಯಾನ. ನಿಮ್ಮನ್ನ ಮ್ಯಾಲ ತರಾಕ ಯಾರು ಬರ್ತಾರ?”

ಅವನಿಗೂ ಸಾಕಾಗಿತ್ತು. ನೀರು ಕಾಣದ ಯಾವುದಾದರೂ ಊರಲ್ಲಿ ಒಂದು ಚಹಾದ ಅಂಗಡಿ ಹಾಕಿಕೊಂಡು, ಬಿಸಿ ಸ್ಟೋವಿನ ಮುಂದೆ ಕೂತು ಉಳಿದ ದಿನ ಕಳೆಯಬೇಕು. ಬೇಕಾಗಿದ್ದುದು ಅಷ್ಟೇ.

ಅದಕ್ಕೆ ಬೇಕಾದ ದುಡ್ಡಿನ ಆಸೆ ಹುಟ್ಟಿದ್ದು ಹತ್ತಿಕುಣಿ ಡ್ಯಾಮಿನಲ್ಲಿ. ಪೊಲೀಸರು ಬೆನ್ನು ಹತ್ತಿದಾಗ ಕಳ್ಳನೊಬ್ಬ ಒಡ್ಡಿನ ಮೇಲೆ ಬೈಕು ಓಡಿಸುತ್ತ ಬಂಗಾರದ ಚೀಲವನ್ನು ನೀರಿಗೆ ಎಸೆದಿದ್ದ. ಹುಡುಕಲು ಖಾಜಾಮಿಯಾನನ್ನು ಕರೆಸಿದರು. ನಾಲ್ಕನೆಯ ಮುಳುಗಿಗೆ ತೂಬಿನ ಬುಡದ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಿದ್ದ ಚೀಲ ಕೈಗೆ ತಾಗಿತು. ಬಟ್ಟೆಯ ಮೇಲಿಂದಲೇ ಬಳೆಗಳ ದುಂಡು ತಿಳಿಯುತ್ತಿತ್ತು. ಹೇಳಲೆಂದೇ ಅವನು ಮೇಲೆ ಬಂದ. ಹಲ್ಲು ಕಟಕಟ ಎನ್ನುತ್ತಿತ್ತು, ಯಾರೂ ಒಂದು ಟವೆಲ್ಲು ಕೊಡಲಿಲ್ಲ. ಪೊಲೀಸ್ ಸಾಹೇಬ ಮುಖ ತಿರುಗಿಸದೆ ಕೇಳಿದ: “ಏನಪಾ ಮುದುಕ, ಸಿಕ್ಕಿತೋ ಇಲ್ಲೋ?”

“ಇಲ್ರಿ ಸಾಹೇಬ್ರ. ಬರೇ ಕೆಸರು ಅದ.”

ಹೆಣದ ಮೈಮೇಲಿನ ಒಂದು ಮೂಗುತಿಯನ್ನೂ ಮುಚ್ಚಿಡದವನು ಅವನು. ತಾಯಿಯನ್ನು ಕಳೆದುಕೊಂಡ ಮಕ್ಕಳ ಅಂಗೈಯಲ್ಲಿ ಒದ್ದೆ ಓಲೆಗಳನ್ನು ಎಣಿಸಿ ಇಟ್ಟವನು. ಅವನ ಮಾತನ್ನು ಯಾರೂ ಅನುಮಾನಿಸಲಿಲ್ಲ. ಅದೇ ಅವನ ಇಡೀ ಜೀವಮಾನದ ಗಳಿಕೆ, ಅದನ್ನೇ ಅವನು ಪಣಕ್ಕಿಟ್ಟಿದ್ದ. ನಾಚಿಕೆ ಆಯಿತು. ಆದರೆ ದಣಿವು ನಾಚಿಕೆಗಿಂತ ದೊಡ್ಡದಾಗಿತ್ತು.

ಚೀಲ ಬಿಡಿಸಬೇಕಾದರೆ ಬಂಡೆ ಸರಿಸಬೇಕು, ಹತ್ತಿಪ್ಪತ್ತು ಸಲ ಮುಳುಗಬೇಕು. ಬೇಸಿಗೆವರೆಗೆ ಕಾದರೆ ನೀರಿಳಿದು ಚೀಲ ಕುರಿ ಕಾಯುವವರ ಪಾಲಾಗುತ್ತದೆ. ಈ ಚಳಿಯಲ್ಲಿ ಬರಿ ಮೈಯಲ್ಲಿ ಇಳಿದರೆ ಖಾಸಿಂಬೀ ಹೇಳಿದ್ದೇ ಆಗುತ್ತದೆ. ಹಾಗಾಗಿ ಅವನು ಮೊಬೈಲಿನಲ್ಲಿ ಹುಡುಕಿದ, ಸಮುದ್ರಕ್ಕೆ ಇಳಿಯುವವರು ತೊಡುವ ರಬ್ಬರಿನ ಅಂಗಿಗಾಗಿ. ವೆಟ್‌ಸೂಟ್ ಅಂತೆ. ಒಳ್ಳೆಯವುಗಳ ಬೆಲೆ ನೋಡಿ ಮೊಬೈಲನ್ನೇ ಕೆಳಗಿಟ್ಟ. ಮೂರು ದಿನ ಜಾಲಾಡಿದ ಮೇಲೆ ಅಗ್ಗದ್ದೊಂದು ಸಿಕ್ಕಿತು. ಚಿತ್ರದಲ್ಲಿ ಬಿಳಿಯನೊಬ್ಬ ನೀಲಿ ನೀರಿನಲ್ಲಿ ಹಲ್ಲು ಕಿಸಿಯುತ್ತಿದ್ದ. ಅವನು ಯಾವತ್ತೂ ಹೆಣ ತೆಗೆದವನಲ್ಲ ಎಂದು ನೋಡಿದ ಕೂಡಲೇ ತಿಳಿಯುತ್ತಿತ್ತು.

ಮೂರು ಮಿಲಿಮೀಟರ್ ದಪ್ಪದ್ದು, ಐದು ಮಿಲಿಮೀಟರ್ ದಪ್ಪದ್ದು, ಎರಡು ಬಗೆ ಇದ್ದವು. ದಪ್ಪ ಇದ್ದಷ್ಟು ಬೆಚ್ಚಗೆ, ಇದಕ್ಕೇನು ಶಾಲೆ ಕಲಿಯಬೇಕೆ? ಐದರದ್ದನ್ನೇ ಒತ್ತಿದ. ಖಾಸಿಂಬೀಯ ಟೇಪು ಕದ್ದು ಎದೆಯ ಅಳತೆ ತೆಗೆದ. ಸುರಪುರಕ್ಕೆ ತರಿಸಿದರೆ ಓಣಿ ಕೇಳುತ್ತದೆ, ಯಾದಗಿರಿಗೆ ತರಿಸಿದರೆ ಪೊಲೀಸರ ಕಣ್ಣು. ಶಹಾಪುರದ ಕೊರಿಯರ್ ಅಂಗಡಿಯ ವಿಳಾಸ ಕೊಟ್ಟು, ಅರುಣಕುಮಾರ ಎಂಬ ಹೆಸರು ಬರೆದ. ಮುಖಕ್ಕೆ ರುಮಾಲು ಸುತ್ತಿಕೊಂಡು ಹೋಗಿ, ಕೈಯಲ್ಲೇ ಹಣ ಕೊಟ್ಟು ಪೊಟ್ಟಣ ತಂದ.

ಹೆಂಡತಿ ಮದುವೆಯೊಂದಕ್ಕೆ ಹೋದ ಹೊತ್ತು ನೋಡಿ ಒಳಕೋಣೆಯಲ್ಲಿ ತೊಟ್ಟುನೋಡಿದ. ಕಾಲು ತೂರಿಸುವುದರಲ್ಲೇ ಅರ್ಧ ಜೀವ ಹೋಯಿತು. ಜಿಪ್ಪು ಎಳೆದು ಹತ್ತು ನಿಮಿಷ ನಿಂತ, ಬೆವರು ಧಾರಾಕಾರ ಇಳಿಯಿತು. ಎಷ್ಟೋ ವರ್ಷದ ಮೇಲೆ ಎಲುಬಿನೊಳಗೆ ಬೆಚ್ಚಗಾಗಿ ಅವನ ಕಣ್ಣಲ್ಲಿ ನೀರು ಬಂತು. ಬಾವಿಯಲ್ಲಿ ಒಮ್ಮೆ ಇಳಿದು ನೋಡಬಹುದಿತ್ತು. ಆದರೆ ಖಾಜಾಮಿಯಾ ಯಾವ ಬಾವಿಯ ಮೆಟ್ಟಿಲಿಳಿದರೂ ಸಾಕು, ಯಾರು ಸತ್ತರು ಎಂದು ಕೇಳಿಕೊಂಡು ಐವತ್ತು ಜನ ಸೇರುತ್ತಾರೆ. ಅಂಗಿ ಮಡಿಚಿ ಗೋಣಿಯಲ್ಲಿಟ್ಟ.

ದಿನವನ್ನೂ ಅಳೆದು ತೂಗಿ ಆರಿಸಿದ್ದ: ಎಳ್ಳ ಅಮಾವಾಸ್ಯೆ. ಅವತ್ತು ಈ ಸೀಮೆಯಲ್ಲಿ ಮನೆ ಕಾಯಲು ನಾಯಿಯೂ ಉಳಿಯುವುದಿಲ್ಲ. ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಹೊತ್ತುಕೊಂಡು ಎಲ್ಲರೂ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯೆಂದು ಚರಗ ಚೆಲ್ಲಿ, ಸಂಜೆತನಕ ಉಣ್ಣುತ್ತಾರೆ. ಡ್ಯಾಮಿನ ಕಾವಲುಗಾರ ಸೂಗಪ್ಪ ಹೆಂಡತಿ ಗೊಲ್ಲಾಳಮ್ಮನ ಜೊತೆ ತನ್ನ ಹೊಲಕ್ಕೆ ಹೋಗುತ್ತಾನೆ. ಅಕಸ್ಮಾತ್ ಯಾರಾದರೂ ಬಂದರೂ ಹೆದರಿಕೆಯಿಲ್ಲ. ನೀರಿನಡಿ ಉಸಿರು ಹಿಡಿಯುವ ಖಾಜಾಮಿಯಾನ ದಮ್ಮು ಎರಡೂವರೆ ನಿಮಿಷದ್ದು. ಅಷ್ಟು ಹೊತ್ತು ಸುಮ್ಮನಿರುವ ನೀರನ್ನು ಯಾರು ನೋಡುತ್ತ ನಿಲ್ಲುತ್ತಾರೆ?

ಮಟಮಟ ಮಧ್ಯಾಹ್ನ ಒಡ್ಡು ಖಾಲಿಯಿತ್ತು. ಬೈಕನ್ನು ಜಾಲಿಯ ಪೊದೆಗೆ ತಳ್ಳಿ, ಬಟ್ಟೆ ಕಳಚಿ ಅದರ ಸೀಟಿನ ಮೇಲಿಟ್ಟು, ಕರಿ ಅಂಗಿ ತೊಟ್ಟು ನೀರಿಗಿಳಿದ. ಚಳಿ ಹತ್ತಿರ ಸುಳಿಯಲಿಲ್ಲ. ಕೊಟ್ಟ ದುಡ್ಡಿಗೆ ಮೋಸವಿಲ್ಲ ಎಂದುಕೊಂಡು, ತೂಬಿನ ಹತ್ತಿರ ಹೋಗಿ ತಲೆ ಕೆಳಗೆ ಮಾಡಿ ಮುಳುಗಿದ.

ಮುಳುಗಲಿಲ್ಲ. ಎರಡು ಮೊಳ ಹೋಗುವಷ್ಟರಲ್ಲಿ ನೀರು ಅವನನ್ನು ಮೇಲಕ್ಕೆ ನೂಕಿತು. ಮತ್ತೆ ಹೋದ, ಕಾಲು ಬಡಿದ, ದಮ್ಮು ಪೂರಾ ಹೊರಗೆ ಬಿಟ್ಟು ನೋಡಿದ. ಪ್ರತಿ ಸಲವೂ ಸೋರೆಬುರುಡೆಯ ಹಾಗೆ ಮೇಲೆದ್ದ. ಆ ದಪ್ಪ ರಬ್ಬರಿನ ಹೊಟ್ಟೆಯ ತುಂಬ ಗಾಳಿ ಇರುತ್ತದೆ, ಸಮುದ್ರದವರು ಸೊಂಟಕ್ಕೆ ಸೀಸದ ಗುಂಡು ಕಟ್ಟಿಕೊಂಡೇ ಇಳಿಯುತ್ತಾರೆ. ಹುಟ್ಟಿದಾಗಿನಿಂದ ಬರಿ ಮೈಯಲ್ಲಿ ಮುಳುಗಿದವನಿಗೆ ಮುಳುಗುವುದಕ್ಕೂ ಭಾರ ಬೇಕೆಂದು ಹೊಳೆಯುವುದಾದರೂ ಹೇಗೆ? ಕೊನೆಗೆ ದಂಡೆಯ ಕಲ್ಲುಗಳನ್ನು ಅಂಗಿಯೊಳಗೆ ತುಂಬಿಕೊಳ್ಳೋಣ ಎಂದು ತಿರುಗುವಾಗ ಒಡ್ಡಿನ ಮೇಲೆ ಮಾತು ಕೇಳಿಸಿತು.

ಪಕ್ಕದ ಹೊಲದಲ್ಲಿ ಉಂಡ ಮೇಲೆ ಪಾತ್ರೆ ತೊಳೆಯಲು ಸೂಗಪ್ಪ, ಗೊಲ್ಲಾಳಮ್ಮ ನೀರಿನ ಕಡೆ ಬಂದಿದ್ದರು. ಅಡಗಲು ಜಾಗವಿರಲಿಲ್ಲ.

“ಏನ್ರಿ, ಅಲ್ಲಿ ನೋಡ್ರಿ! ಕರ್ರಗ ಏನೋ ತೇಲಾಕತ್ತದ!”

“ಅಯ್ಯೋ ಶಿವನ! ಹೆಣ ಅದಲ್ಲೇ!”

ಹೆಣ ಎಂಬ ಮಾತು ಕಿವಿಗೆ ಬಿದ್ದದ್ದೇ ಖಾಜಾಮಿಯಾನಿಗೆ ದಾರಿ ಕಂಡಿತು. ಮುಖ ಕೆಳಗೆ ಮಾಡಿ ಕೈ ಚೆಲ್ಲಿ, ಬೆನ್ನು ತುಸು ಬಾಗಿಸಿ ತೇಲಿದ. ಹೆಣ ಹೇಗೆ ತೇಲುತ್ತದೆ ಎಂದು ಈ ಮೂರು ತಾಲೂಕಿನಲ್ಲಿ ಅವನಿಗಿಂತ ಬಲ್ಲವರಿಲ್ಲ. ಇನ್ನು ಇಬ್ಬರೂ ಹೆದರಿ ಊರಿಗೆ ಓಡುತ್ತಾರೆ, ಜನ ಕೂಡಿ ಬರುವಷ್ಟರಲ್ಲಿ ತಾನು ಹತ್ತಿಕುಣಿ ದಾಟಿರುತ್ತೇನೆ. ದಮ್ಮಿನಲ್ಲಿ ಇನ್ನೂ ಎರಡು ನಿಮಿಷ ಇತ್ತು. ಕಿವಿಯನ್ನು ನೀರಿನ ಮೇಲಿಟ್ಟು ಹೆಜ್ಜೆ ಸಪ್ಪಳಕ್ಕಾಗಿ ಕಾದ.

ಸೂಗಪ್ಪ ಓಡಲಿಲ್ಲ. ನೀರಿನಲ್ಲಿ ಹೆಣ ಕಂಡವರು ಈ ಸೀಮೆಯಲ್ಲಿ ಮೊದಲು ಮಾಡುವುದನ್ನೇ ಅವನೂ ಮಾಡಿದ: ಜೇಬಿನಿಂದ ಫೋನು ತೆಗೆದು ಒಂದು ನಂಬರು ಒತ್ತಿದ. ಮರುಗಳಿಗೆ ಜಾಲಿಯ ಪೊದೆಯೊಳಗೆ, ಬೈಕಿನ ಸೀಟಿನ ಮೇಲಿದ್ದ ಪ್ಯಾಂಟಿನ ಜೇಬಿನಲ್ಲಿ ರಿಂಗು ಹೊಡೆಯತೊಡಗಿತು. ಗೊಲ್ಲಾಳಮ್ಮ ಆ ಕಡೆ ತಿರುಗಿ, ಗುರುತಿನ ಬೈಕು ಕಂಡು, ಎದೆಯ ಮೇಲೆ ಕೈಯಿಟ್ಟುಕೊಂಡಳು. “ಚಲೋ ಆತು ನೋಡ್ರಿ, ಖಾಜಾಭಾಯಿ ಆಗಲೇ ಬಂದಾನ!”