ಕಾಡುಹೊಳೆಯಲ್ಲಿ ತೇಲಿದ ಟೋಪಿ

ಬೆಳಿಗ್ಗೆ ಹತ್ತೂವರೆಗೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸು ಅಳುತ್ತಿರಲಿಲ್ಲ. ಅತ್ತು ಮುಗಿಸಿದ್ದಳೋ, ಅಳುವುದಕ್ಕೆ ಇನ್ನೂ ಪುರುಸೊತ್ತಾಗಿರಲಿಲ್ಲವೋ, ಇನ್‌ಸ್ಪೆಕ್ಟರಿಗೆ ತಿಳಿಯಲಿಲ್ಲ. ಇನ್‌ಸ್ಪೆಕ್ಟರೂ ಹೆಂಗಸೇ. ಈ ಠಾಣೆಗೆ ವರ್ಗವಾಗಿ ಬಂದು ತಿಂಗಳು ತುಂಬಿರಲಿಲ್ಲ. ಆಕೆ ಕುರ್ಚಿ ತೋರಿಸಿದಳು.

"ಬೆಳಿಗ್ಗೆ ವಾಟರ್ ಪಾರ್ಕಲ್ಲಿ ಸತ್ತಿದ್ದು ನನ್ನ ಗಂಡ. ಅಲ್ಲಿ ಮೆಕ್ಯಾನಿಕ್ ಆಗಿದ್ರು. ಟೋಪಿ ನೇತುಹಾಕದೆ ಕಾಲುವೆಗೆ ಇಳಿದ್ರಂತೆ, ಅವರದೇ ನಿರ್ಲಕ್ಷ್ಯ ಅಂತಾರೆ ಮ್ಯಾನೇಜರ್. ನನ್ನ ಗಂಡ ಹಾಗೆ ಇಳಿಯೋರಲ್ಲ ಮೇಡಂ."

"ಟೋಪಿ ನೇತುಹಾಕೋದು ಅಂದ್ರೆ?"

"ಕಾಲುವೆಗೆ ಇಳಿಯೋ ಮುಂಚೆ ತಮ್ಮ ಟೋಪಿನ ಪಂಪಿನ ಸ್ವಿಚ್ಚಿಗೆ ಸಿಕ್ಕಿಸಿ ಹೋಗ್ಬೇಕು. ಅದು ಅಲ್ಲಿರೋ ತನಕ ಪಂಪ್ ಹಾಕೋ ಹಾಗಿಲ್ಲ, ಹಾಕಿದ್ರೆ ನೀರು ನುಗ್ಗಿ ಒಳಗಿದ್ದೋರು ಕೊಚ್ಚಿಹೋಗ್ತಾರೆ. ಹತ್ತಿ ಬಂದೋನೇ ತೆಗೀಬೇಕು. ಸಾಕ್ಷಾತ್ ಮಾಲೀಕ ಬಂದ್ರೂ ಇನ್ನೊಬ್ಬರ ಟೋಪಿ ಮುಟ್ಟಲ್ಲ."

"ನಿಮಗೆ ಏನಾಗ್ಬೇಕು ಹೇಳಿ ಅಮ್ಮ."

"ಅವರ ಹೆಸರಿನ ಮುಂದೆ ನಿರ್ಲಕ್ಷ್ಯ ಅಂತ ಬರೀಬೇಡಿ. ಎರಡು ಮಕ್ಕಳಿವೆ. ಅಪ್ಪ ತನ್ನ ತಪ್ಪಿಗೆ ತಾನೇ ಸತ್ತ ಅಂತ ಕೇಳ್ಕೊಂಡು ಅವು ಬೆಳೀಬಾರದು."

ದೂರು ದಾಖಲಾಯಿತು. ಅಸ್ವಾಭಾವಿಕ ಮರಣ ಎಂದು ಪ್ರಕರಣ ಬರೆದುಕೊಂಡು ಜೀಪು ಹೊರಟಿತು. ದಾರಿಯಲ್ಲಿ ದಫೇದಾರ ಗಂಟಲು ಸರಿಮಾಡಿಕೊಂಡ.

"ಹೋದ ವರ್ಷ ಇದೇ ಆಟದಲ್ಲಿ ಒಂದು ಹೆಣ್ಣುಮಗು ಹೋಯ್ತು ಮೇಡಂ. ತೆಪ್ಪದಲ್ಲಿ ಎದ್ದು ನಿಂತಿತ್ತಂತೆ. ಮಗುವಿನದೇ ನಿರ್ಲಕ್ಷ್ಯ ಅಂತ ಪಂಚನಾಮೆ ನಾನೇ ಬರೆದಿದ್ದು."

ಆಟದ ಹೆಸರು ಕಾಡುಹೊಳೆ. ಸಿಮೆಂಟಿನ ಬಂಡೆ, ಗುಹೆ, ಜಲಪಾತ, ಪ್ಲಾಸ್ಟಿಕ್ಕಿನ ಬಳ್ಳಿ, ಬಾಯಿ ತೆರೆದ ಫೈಬರ್ ಮೊಸಳೆ. ನಡುವೆ ಹಾವಿನಂತೆ ಸುತ್ತಿದ ಕಾಲುವೆಯಲ್ಲಿ ರಬ್ಬರಿನ ದುಂಡು ತೆಪ್ಪಗಳು ತೇಲಬೇಕು, ಜನ ಕಿರುಚಬೇಕು, ಒದ್ದೆಯಾಗಿ ನಗುತ್ತ ಇಳಿಯಬೇಕು. ಆವತ್ತು ಗೇಟು ಮುಚ್ಚಿತ್ತು, ಆದರೆ ಪೊದೆಯೊಳಗಿನ ಸ್ಪೀಕರುಗಳನ್ನು ನಿಲ್ಲಿಸುವುದು ಯಾರಿಗೂ ಹೊಳೆದಿರಲಿಲ್ಲ. ಹೆಣದ ಪಕ್ಕದಲ್ಲಿ ಗಿಳಿಗಳು ಕೂಗುತ್ತಲೇ ಇದ್ದವು. ಇನ್‌ಸ್ಪೆಕ್ಟರಿಗೆ ಮೈಯೆಲ್ಲ ಉರಿಯಿತು.

"ಮೊದಲು ಅದನ್ನ ಆಫ್ ಮಾಡ್ರೀ!"

ಮ್ಯಾನೇಜರ್ ಓಡಿದ.

ಪಂಚರ ಸಮಕ್ಷಮ ಪಂಚನಾಮೆ ಶುರುವಾಯಿತು. ಕಾಲುವೆಯ ಕೊನೆಯ ಕಬ್ಬಿಣದ ಜಾಲರಿಗೆ ಒತ್ತಿಕೊಂಡಿದ್ದ ದೇಹವನ್ನು ಕೆಲಸದವರು ಮೇಲೆತ್ತಿ ದಡದಲ್ಲಿ ಮಲಗಿಸಿದ್ದರು. ಕಾಲಿನಿಂದ ಕತ್ತಿನವರೆಗೆ ರಬ್ಬರ್ ಉಡುಪು, ಜೇಬಿಲ್ಲ. ತಲೆಗೆ ದೀಪದ ಹೆಲ್ಮೆಟ್, ಗದ್ದದ ಕೆಳಗೆ ಪಟ್ಟಿ ಬಿಗಿದೇ ಇತ್ತು. ಅದೇ ಜಾಲರಿಯಲ್ಲಿ ಸಿಕ್ಕಿದ ಅವನ ಹಸಿರು ಟೋಪಿ ಪಕ್ಕದಲ್ಲಿ ನೀರು ಸೋರಿಸುತ್ತ ಬಿದ್ದಿತ್ತು. ದಫೇದಾರ ಒಂದೊಂದನ್ನೇ ಬರೆದುಕೊಂಡ.

ಇನ್‌ಸ್ಪೆಕ್ಟರ್ ಕಣ್ಣು ಟೋಪಿಯಿಂದ ಹೆಲ್ಮೆಟ್ಟಿಗೆ ಹೋಯಿತು, ಹೆಲ್ಮೆಟ್ಟಿನಿಂದ ಟೋಪಿಗೆ ಬಂತು.

"ದಫೇದಾರ್ರೇ, ಸ್ಟೋರಿಂದ ಇಂಥದ್ದೇ ಒಂದು ಟೋಪಿ, ಒಂದು ಹೆಲ್ಮೆಟ್ ತರಿಸಿ. ಟೋಪಿ ಮೇಲೆ ಹೆಲ್ಮೆಟ್ ಹಾಕ್ಕೊಳ್ಳಿ."

ದಫೇದಾರನ ತಲೆ ಠಾಣೆಯಲ್ಲೇ ದೊಡ್ಡದು. ಪಾಪ, ತಿಣುಕಾಡಿದ. ಟೋಪಿಯ ಗಟ್ಟಿ ಅಂಚು ಅಡ್ಡ ಬಂದು ಹೆಲ್ಮೆಟ್ ನೆತ್ತಿಯ ಮೇಲೆ ಮಡಕೆಯಂತೆ ಕೂತಿತು. ಅವನಿಗಿಂತ ಸಣ್ಣ ತಲೆಯ ಕಾನ್‌ಸ್ಟೇಬಲ್ಲಿಗೂ ಅದೇ ಗತಿಯಾಯಿತು. ಬೇರೆ ದಿನವಾಗಿದ್ದರೆ ಎಲ್ಲರೂ ನಗುತ್ತಿದ್ದರು.

ಕಂಟ್ರೋಲ್ ರೂಮು ಕಾಲುವೆಯ ಮೇಲಕ್ಕೇ ಚಾಚಿದ ಗಾಜಿನ ಗೂಡು. ಪಂಪ್ ಹಾಕಿದ ಆಪರೇಟರ್ ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದ. ನಲವತ್ತರ ಆಸುಪಾಸಿನವನು, ಗಡ್ಡ ನೀಟಾಗಿ ಹೆರೆದಿದ್ದ.

"ಪಂಪ್ ಹಾಕುವಾಗ ಸ್ವಿಚ್ಚಿನ ಮೇಲೆ ಟೋಪಿ ಇತ್ತಾ?"

"ಇರ್ಲಿಲ್ಲ ಮೇಡಂ."

"ಇಳಿದವರು ಕಾಣಲಿಲ್ವಾ?"

"ಗುಹೆ ತೊಳೆಯೋಕೆ ಒಳಗೆ ಹೋಗಿದ್ರೆ ಇಲ್ಲಿಂದ ಕಾಣಲ್ಲ. ಟೋಪಿ ಇಲ್ಲ ಅಂದ್ರೆ ಯಾರೂ ಇಲ್ಲ ಅಂತಲೇ ಲೆಕ್ಕ."

"ಅವರ ಟೋಪಿ ನೀರಲ್ಲಿ ಸಿಕ್ತು."

"ತಲೆ ಮೇಲೆ ಹಾಕ್ಕೊಂಡೇ ಇಳಿದಿರ್ಬೇಕು."

"ತಲೆ ಮೇಲೆ ಹೆಲ್ಮೆಟ್ ಇತ್ತು. ಪಟ್ಟಿ ಬಿಗಿದಿತ್ತು. ಟೋಪಿ ಎಲ್ಲಿ ಹಾಕ್ಕೊಂಡಿದ್ರು?"

ಅವನ ಕಣ್ಣು ಕಾಲುವೆಯ ಕಡೆಯ ಕಿಟಕಿಗೆ ಹೋಯಿತು.

"ಉಡುಪಿಗೆ ಜೇಬಿಲ್ಲ. ಗುಹೆ ತೊಳೆಯೋಕೆ ಹೋಗೋ ಮನುಷ್ಯ ಟೋಪಿನ ಕೈಯಲ್ಲಿ ಹಿಡ್ಕೊಂಡು ಹೋಗ್ತಾನಾ? ಅದು ಸ್ವಿಚ್ಚಿನ ಮೇಲೇ ಇತ್ತು. ನೀವು ತೆಗೆದ್ರಿ. ಪಂಪ್ ಹಾಕಿ ಆ ಕಿಟಕಿಯಿಂದ ಎಸೆದ್ರಿ. ಸತ್ತವರ ನಿರ್ಲಕ್ಷ್ಯ ಏನೂ ಇಲ್ಲ. ನಾನು ಹಾಗೇ ಬರೀತೀನಿ."

"ಇಲ್ಲ!" ಆಪರೇಟರ್ ಎದ್ದೇಬಿಟ್ಟ. ಕಾನ್‌ಸ್ಟೇಬಲ್ ಅವನ ಹೆಗಲು ಹಿಡಿದ. "ನಿರ್ಲಕ್ಷ್ಯ ಅಂತಲೇ ಬರೀಬೇಕು ಮೇಡಂ. ನನ್ನ ಮಗಳಿಗೆ ಬರೆದ್ರಲ್ಲ, ಹಾಗೇ ಬರೀಬೇಕು."

ಬಾಗಿಲಲ್ಲಿದ್ದ ದಫೇದಾರ ಆಗ ಅವನ ಮುಖವನ್ನು ಸರಿಯಾಗಿ ನೋಡಿದ. ಹೋದ ವರ್ಷ ಆ ಮುಖಕ್ಕೆ ಪೊದೆಗಡ್ಡವಿತ್ತು. ಗುರುತು ಹತ್ತಿತು.

"ಮೇಡಂ," ಎಂದ ಮೆಲ್ಲಗೆ. "ಆ ಮಗುವಿನ ಅಪ್ಪ ಇವರೇ."

ಇನ್‌ಸ್ಪೆಕ್ಟರ್ ಸ್ಟೂಲು ಎಳೆದು ಅವನೆದುರು ಕೂತಳು. "ಹೇಳಿ."

"ಸಿಬ್ಬಂದಿ ಮನೆಯವರಿಗೆ ಅಂತ ಒಂದು ದಿನ ಬಿಟ್ಟಿದ್ರು. ಮಗಳು ಬರಲ್ಲ ಅಂದ್ಳು, ನೀರು ಅಂದ್ರೆ ಭಯ ಅವಳಿಗೆ. ನಾನಿದ್ದೀನಲ್ಲ ಪುಟ್ಟಿ ಅಂತ ನಾನೇ ಪುಸಲಾಯಿಸಿ ಕೂರಿಸ್ದೆ. ಜಲಪಾತದ ಹತ್ರ ಬೆಲ್ಟಿನ ಬಕಲ್ ಕಿತ್ತುಬಂತು. ಎರಡೂ ಕೈಯಲ್ಲಿ ನನ್ನ ತೋಳು ಹಿಡ್ಕೊಂಡಿದ್ಳು ಮೇಡಂ. ಎದ್ದು ನಿಂತಿರ್ಲಿಲ್ಲ. ಈ ಮೆಕ್ಯಾನಿಕ್ಕೇ, ಬಕಲ್ ಸರಿಯಿತ್ತು ಅಂದ, ಮಗುನೇ ಎದ್ದು ನಿಂತಿತ್ತು ಅಂದ. ಎಲ್ಲರೂ ಅವನ ಮಾತು ನಂಬಿದ್ರು. ನಾನು ಹೇಳಿದ್ದಕ್ಕೆ, ಪಾಪ ಅಪ್ಪ ಅಲ್ವಾ ಅಂದ್ರು."

"ಆಮೇಲೂ ಇಲ್ಲೇ ಕೆಲಸ ಮಾಡಿದ್ರಲ್ಲ, ಯಾಕೆ?"

"ಇವತ್ತಲ್ಲ ನಾಳೆ ಅವನೇ ಬಾಯಿಬಿಡ್ತಾನೆ ಅಂತ ಕಾದೆ. ದಿನಾ ಎದುರಿಗೆ ಬರ್ತಿದ್ದ. ಊಟ ಆಯ್ತಾ ಅಂತಿದ್ದ, ಅಷ್ಟೇ. ಇವತ್ತು ಟೋಪಿ ಸಿಕ್ಕಿಸಿ, ಬರ್ತೀನಪ್ಪ ಅಂತ ಇಳಿದ. ನಿನ್ನ ಹೆಸರಿಗೂ ಅದೇ ಮಾತು ಅಂಟ್ಲಿ ಅನ್ನಿಸ್ತು."

ಮಧ್ಯಾಹ್ನ ಕೊಲೆ ಪ್ರಕರಣವೆಂದು ಎಫ್‌ಐಆರ್ ಆಯಿತು. ಆಪರೇಟರನನ್ನು ಬಂಧಿಸಿ ಠಾಣೆಗೆ ತಂದರು.

ಸಂಜೆ ಮೆಕ್ಯಾನಿಕ್‌ನ ಹೆಂಡತಿಯನ್ನು ಕರೆಸಿ ಇನ್‌ಸ್ಪೆಕ್ಟರ್ ಎಲ್ಲವನ್ನೂ ಹೇಳಿದಳು. ನಿಮ್ಮ ಗಂಡನ ನಿರ್ಲಕ್ಷ್ಯವಲ್ಲ ಎಂದಾಗ ಆ ಹೆಂಗಸು ಕಣ್ಣು ಮುಚ್ಚಿಕೊಂಡಳು. ಮಗುವಿನ ವಿಷಯ ಬಂದಾಗ ತೆರೆದಳು. ಮೇಜಿನ ಅಂಚನ್ನು ಬೆರಳಿನಿಂದ ಉಜ್ಜಿದಳು.

"ಬಕಲ್ ವಿಷಯ ನನಗೆ ಗೊತ್ತಿತ್ತು."

ಇನ್‌ಸ್ಪೆಕ್ಟರ್ ನೀರಿನ ಲೋಟ ಅವಳ ಮುಂದಿಟ್ಟಳು.

"ಆವತ್ತು ಅವರು ಊಟ ಮಾಡ್ಲಿಲ್ಲ. ಮಗು ಎದ್ದು ನಿಂತಿರ್ಲಿಲ್ಲ, ಬಕಲ್ ಸಡಿಲ ಇತ್ತು, ನಾಳೆ ಮಾಡೋಣ ಅಂತ ಬಿಟ್ಟೆ ಕಣೇ ಅಂದ್ರು. ಹೋಗಿ ಹೇಳಿಬಿಡ್ತೀನಿ ಅಂತ ಚಪ್ಪಲಿ ಮೆಟ್ಟಿದ್ರು. ನಾನೇ ಬಾಗಿಲಿಗೆ ಅಡ್ಡ ನಿಂತೆ. ಆವತ್ತು ಬಿಟ್ಟಿದ್ರೆ ಜೈಲಿಗಾದ್ರೂ ಹೋಗಿರೋರು, ಜೀವ ಇರ್ತಿತ್ತು."

"ಇದನ್ನ ಹೇಳಿಕೆ ಅಂತ ಬರ್ಕೊಂಡ್ರೆ ಹಳೇ ಕೇಸು ಮತ್ತೆ ತೆರೆಯುತ್ತೆ ಅಮ್ಮ. ನಿಮ್ಮ ಗಂಡನ ಹೆಸರು ಬರುತ್ತೆ. ನಿಮ್ಮದೂ."

ಅವಳು ಲಾಕಪ್ಪಿನ ಕಡೆ ನೋಡಿದಳು. ಮಕ್ಕಳು ನೆನಪಾದವೇನೋ, ಬಾಗಿಲ ಕಡೆ ತಿರುಗಿದಳು.

"ಬರ್ಕೊಳ್ಳಿ," ಎಂದಳು.

ದಫೇದಾರ ಬರೆದ. ಹೇಳಿಕೆ ಬರೆದ ಮೇಲೆ ಕೊಟ್ಟವರಿಗೆ ಓದಿ ಹೇಳುವುದು ನಿಯಮ. ಅವನು ಕನ್ನಡಕ ಒರೆಸಿಕೊಂಡು, ಬೇಕಾದ್ದಕ್ಕಿಂತ ಜೋರಾಗಿಯೇ ಓದಿದ. ಮಗು ಎದ್ದು ನಿಂತಿರಲಿಲ್ಲ, ಬಕಲ್ ಸಡಿಲವಿತ್ತು, ಮಗುವಿನದು ಯಾವ ತಪ್ಪೂ ಇಲ್ಲ.

ಲಾಕಪ್ಪಿನಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದವನು ಎದ್ದು ಬಂದು ಸರಳು ಹಿಡಿದು ನಿಂತ.

"ಇನ್ನೊಂದ್ಸಲ ಓದಿ ಸಾರ್," ಎಂದ.