ಎದುರು ಮಹಡಿಯ ಕಿಟಕಿ

"ಆ ಕಂಬಳಿ ಮುಟ್ಟಿದ್ರೆ ನೋಡಿ!"

ಕಿಟಕಿಯತ್ತ ಚಾಚಿದ ಗಾಜಿನವನ ಕೈ ಹಾಗೇ ನಿಂತಿತು.

"ಗಾಜು ಹಾಕೋಕೆ ಕರೆಸಿದ್ದು ನಿಮ್ಮಮ್ಮ..."

"ನಾನು ಕರೆಸಿಲ್ವಲ್ಲ!"

ವಿಚ್ಛೇದನ ಪಡೆದು ತವರಿಗೆ ಬಂದಂದಿನಿಂದ ಅವಳು ಆ ಕಿಟಕಿಗೆ ಕಂಬಳಿ ಇಳಿಬಿಟ್ಟಿದ್ದಳು. ಅವಳು ಅತ್ತಳೋ, ನಕ್ಕಳೋ, ಉಂಡಳೋ... ಹೋಗುತ್ತ ಬರುತ್ತ ಬೀದಿಯವರಿಗೆ ಇಣುಕುವುದೇ ಕೆಲಸ! ಆಡುವವರ ಬಾಯಿಗೆ ಬೀಗ ಹಾಕಲಾಗದು, ನೋಡುವವರ ಕಣ್ಣಿಗಾದರೂ ತೆರೆ ಎಳೆಯಬಹುದಲ್ಲ?

ಆದರೆ ಹೊಲಿಗೆಗೆ ಬೆಳಕು ಬೇಕು. ಮೊನ್ನೆ ಕಡುನೀಲಿ ಕೋಟಿಗೆ ಕಪ್ಪು ದಾರ ಹಾಕಿ ಗಿರಾಕಿಯ ಮುಂದೆ ತಲೆ ತಗ್ಗಿಸಿದ್ದಳು. ಹೀಗೇ ಆದರೆ ಕೈಯಲ್ಲಿರುವ ಕಸುಬೂ ಹೋದೀತೆಂದು ಅಮ್ಮ ಗಾಜಿನವನನ್ನು ಕರೆಸಿದ್ದಳು.

"ಕೆಳಗೆ ಮಬ್ಬು ಗಾಜು, ಮೇಲೆ ತಿಳಿ ಗಾಜು. ಬೆಳಕು ಬರುತ್ತೆ, ಬೀದಿ ಬರಲ್ಲ," ಎಂದ ಅವನು. "ಸರಿಹೋಗದಿದ್ರೆ ಕಂಬಳೀನ ನಾನೇ ಕಟ್ಟಿಕೊಟ್ಟು ಹೋಗ್ತೀನಿ."

ಅವಳಿಗೆ ನಗು ಬಂತು. ಬಂದದ್ದನ್ನು ನುಂಗಿಕೊಂಡಳು!

ಮಧ್ಯಾಹ್ನಕ್ಕೆ ಕೆಲಸ ಮುಗಿಸಿ ಅವನು ಹೊರಟ. ಅವಳು ಹೊಲಿಗೆ ಯಂತ್ರದ ಮುಂದೆ ಕುಳಿತಳು. ಬಟ್ಟೆಯ ಮೇಲೆ ಹಗಲ ಬೆಳಕು! ನೀಲಿ ನೀಲಿಯಾಗಿ, ಕಪ್ಪು ಕಪ್ಪಾಗಿ ಕಂಡಿತು. ಕಣ್ಣು ತುಂಬಿ ಬಂತು...

ತಲೆಯೆತ್ತಿದಳು. ಮೇಲಿನ ಗಾಜಿನಾಚೆ, ಎದುರುಮನೆಯ ಮಹಡಿ ಕಿಟಕಿಯಲ್ಲಿ ಕೆಂಪು ಚೌಕುಳಿ ಅಂಗಿ. ಅವನದೇ!

'ಛೀ! ಕಂಬಳಿ ತೆಗೆಸಿದ್ದು ಇದಕ್ಕೇನಾ? ನಾನೂ ನಂಬಿದೆನಲ್ಲ...'

ಕಂಬಳಿ ಮತ್ತೆ ಇಳಿಯಿತು.

ಮರುದಿನ ಅವನು ಬಂದಾಗ ಬಾಗಿಲಲ್ಲೇ ಸಿಡಿದಳು. "ಎದುರುಮನೆಯಿಂದ ನೋಡಿದ್ದು ಸಾಕಾಗ್ಲಿಲ್ವಾ?"

"ಅಯ್ಯೋ, ನಾನು..."

ಬಾಗಿಲು ಅವನ ಮಾತಿನ ಮೇಲೇ ಮುಚ್ಚಿತು. ತಂದಿದ್ದ ಗಾಜನ್ನು ಗೋಡೆಗೆ ಒರಗಿಸಿ, ಸಪ್ಪೆ ಮೋರೆ ಹಾಕಿಕೊಂಡು ಹೋದ.

ಇದನ್ನೆಲ್ಲ ನೋಡಿದ ಎದುರುಮನೆ ಅಜ್ಜಿ ಸೊಂಟ ಹಿಡಿದುಕೊಂಡು ರಸ್ತೆ ದಾಟಿ ಬಂದರು.

"ಏನೇ ಹುಡುಗಿ, ಪಾಪದವನನ್ನ ಅಟ್ಟಿಬಿಟ್ಯಲ್ಲ! ನಮ್ಮ ಮಹಡಿಯಿಂದ ನೀನು ಕಾಣ್ತೀಯೋ ಏನೋ ಅಂತ ಅವನಿಗೆ ಅನುಮಾನ. ನೀನೇ ನೋಡಪ್ಪಾ ಅಂದ್ರೆ, 'ಅವರಿಗೆ ಇಷ್ಟ ಆಗಲ್ಲ, ನೀವೇ ನೋಡಿ ಹೇಳಿ ಅಜ್ಜಿ' ಅಂತ ಕಿಟಕಿಗೆ ಬೆನ್ನು ಹಾಕಿ ನಿಂತ. ನಿನ್ನ ಯಂತ್ರ ಕಾಣುತ್ತೆ ಅಂದೆ. ಇನ್ನೊಂದು ಮಬ್ಬು ಗಾಜು ತರ್ತೀನಿ ಅಂತ ಓಡಿದ."

ಬೆನ್ನು!

ಅವಳು ಕಣ್ಣು ಮುಚ್ಚಿ ನೆನೆದಳು. ಆ ಚೌಕುಳಿ ಅಂಗಿಯಲ್ಲಿ ಗುಂಡಿಗಳೇ ಕಂಡಿರಲಿಲ್ಲ! ದಿನಬೆಳಗಾದರೆ ಅಂಗಿ ಹೊಲಿಯುವವಳು, ಕೋಪದಲ್ಲಿ ಅಷ್ಟನ್ನೂ ಗಮನಿಸಲಿಲ್ಲ.

ಕೊರಳಲ್ಲಿ ಅಳತೆಪಟ್ಟಿ ಜೋತಾಡುತ್ತಿದ್ದಂತೆಯೇ ಓಡಿದಳು. ಬೀದಿಯೆಲ್ಲ ನೋಡಿತು. ನೋಡಲಿ!

ಅವನು ತನ್ನ ಅಂಗಡಿಯಲ್ಲಿ ಗಾಜು ಒರೆಸುತ್ತಿದ್ದ.

"ತಪ್ಪಾಯ್ತು..." ಏದುಸಿರಿನಲ್ಲೇ ಅಂದಳು. "ನೀವು ನೋಡಲೇ ಇಲ್ಲ ಅಂತ ಗೊತ್ತಿರ್ಲಿಲ್ಲ."

"ನೋಡೋ ಆಸೆ ಇರ್ಲಿಲ್ಲ ಅಂತ ಸುಳ್ಳು ಹೇಳಲ್ಲ," ಅವನು ನೆಲ ನೋಡುತ್ತ ಹೇಳಿದ. "ನೀವು ನಗು ನುಂಗ್ಕೊಂಡಾಗಿಂದ ಮನಸ್ಸು ನಿಮ್ಮ ಹತ್ರಾನೇ ಇದೆ. ಆದ್ರೆ ಕದ್ದು ನೋಡೋದು ಬೇಡ ಅನ್ನಿಸ್ತು."

ಇಷ್ಟು ವರ್ಷದಲ್ಲಿ ಅವಳ ಮನಸ್ಸನ್ನು ಯಾರಾದರೂ ಹೀಗೆ ಕಾಪಾಡಿದ್ದುಂಟೇ?

"ಗಾಜು ಹಾಕೋಕೆ ಯಾವಾಗ ಬರ್ತೀರಿ?"

"ಈಗ್ಲೇ. ಆದ್ರೆ ಆಮೇಲೆ ಮತ್ತೆ ಎದುರುಮನೆಗೆ ಹೋಗಿ ಪರೀಕ್ಷೆ ಮಾಡ್ಬೇಕಾಗುತ್ತೆ..."

"ಅದನ್ನ ಅಜ್ಜಿ ನೋಡ್ಕೋತಾರೆ." ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟಳು. "ನೀವು ಒಳಗೆ ಬಂದು ಕೂತು, ನನ್ನನ್ನ ಎದುರಿಗೇ ನೋಡಿ."