ಕಾರ್ಟನ್ ಬಂದ ಸಂಜೆ

"ಭೂಕಂಪನಾಭಿ ಎಲ್ಲುಂಟು?" ಅಜ್ಜ ಹಸನಬ್ಬ ಪುಸ್ತಕ ಹಿಡಿದು ಕೇಳಿದರು.

"ಭೂಮಿಯ ಒಳಗೆ. ಕಂಪನ ಶುರುವಾಗುವ ಜಾಗ," ಎಂದಳು ಸಫಾ.

"ಹೊರಕೇಂದ್ರ?"

"ಅದರ ನೇರ ಮೇಲೆ, ನೆಲದಲ್ಲಿ. ಅಲ್ಲಿ ಜಾಸ್ತಿ ಹಾಳಾಗ್ತದೆ."

"ಪ... ಪಶ್ಚಾತ್ ಕಂಪನ?"

"ಟೀಚರ್ ಆಫ್ಟರ್‌ಶಾಕ್ ಅಂತಾರೆ. ದೊಡ್ಡ ಭೂಕಂಪ ಆದ ಮೇಲೆ ಬರುವ ಸಣ್ಣ ಸಣ್ಣ ಕಂಪನ. ತಿಂಗಳುಗಟ್ಟಲೆ ಬರ್ತಾ ಇರ್ತದಂತೆ." ಸಫಾ ಮುಖ ಸಿಂಡರಿಸಿದಳು. "ಅಜ್ಜ, ದೊಡ್ಡದೇ ಮುಗಿದ ಮೇಲೆ ಸಣ್ಣದಕ್ಕೆ ಎಂತ ಹೆದರಿಕೆ? ಕೂಡಲೇ ಮನೆಯೊಳಗೆ ಹೋಗಬಾರದು ಅಂತ ಯಾಕೆ ಬರೆದಿದ್ದಾರೆ?"

"ನನಗೆಂತ ಗೊತ್ತು ಮಾರಾಯ್ತಿ? ನಾನು ಓದಿದ್ದು ನಾಲ್ಕನೇ ಕ್ಲಾಸು."

ಸಫಾ ಆ ಸಾಲಿನ ಪಕ್ಕ ಪೆನ್ಸಿಲಿನಿಂದ ಪ್ರಶ್ನೆ ಚಿಹ್ನೆ ಹಾಕಿದಳು. ನಾಳೆ ಭೂಗೋಳ ಪರೀಕ್ಷೆ. ಮೊದಲಾದರೆ ಉಮ್ಮ ಹೇಳಿಕೊಡುತ್ತಿದ್ದರು. ಸೌದಿಯ ಜುಬೈಲಿನಲ್ಲಿ ಕೆಲಸಕ್ಕಿದ್ದ ಉಪ್ಪ ತೀರಿಹೋಗಿ, ಅಲ್ಲೇ ದಫನ್ ಆದ ಮೇಲೆ ಉಮ್ಮ ಇದ್ದತ್‌ನಲ್ಲಿದ್ದಾರೆ. ಗಂಡ ತೀರಿಕೊಂಡರೆ ಕೆಲವು ತಿಂಗಳು ಮನೆಯಿಂದ ಹೊರಗೆ ಹೋಗುವ ಹಾಗಿಲ್ಲ. ಉಮ್ಮ ಮಾತನ್ನೂ ಒಳಗೇ ಇಟ್ಟುಕೊಂಡಿದ್ದರು.

ಗೇಟಿನ ಹತ್ತಿರ ಟೆಂಪೊ ನಿಂತಿತು.

"ಹಸನಬ್ಬಾಕ, ಕಾರ್ಗೋ ಉಂಟು!"

ಡ್ರೈವರ್ ರಟ್ಟಿನ ಪೆಟ್ಟಿಗೆಯೊಂದನ್ನು ಜಗಲಿಯಲ್ಲಿಟ್ಟು ಹೋದ. ಸುತ್ತ ಹಗ್ಗ, ಕಂದು ಟೇಪು. ಮೇಲೆ ಉಪ್ಪನ ಹೆಸರು. ಆದರೆ ಅಕ್ಷರ ಉಪ್ಪನದ್ದಲ್ಲ. ಅಲ್ಲಿ ರೂಮಿನಲ್ಲಿ ಜೊತೆಗಿದ್ದವರು ಅವರ ಸಾಮಾನು ಕಟ್ಟಿ ಕಳಿಸಿದ್ದರು.

ಐದು ವರ್ಷದ ತಮ್ಮ ಇಜಾಝ್ ಓಡಿ ಬಂದ. ಪೆಟ್ಟಿಗೆ ನೋಡಿದವನೇ ಒಳಗೆ ಹೋಗಿ ಶೂ ಹಾಕಿಕೊಂಡು ಬಂದ. ಎಡಗಾಲಿನದ್ದು ಬಲಕ್ಕೆ, ಬಲಗಾಲಿನದ್ದು ಎಡಕ್ಕೆ.

"ಎಲ್ಲಿಗೋ?"

"ಬಜಪೆಗೆ. ಏರ್‌ಪೋರ್ಟಿಗೆ."

ಪ್ರತಿ ಸಲ ಹಾಗೇ. ಉಪ್ಪ ರಜೆಗೆ ಹೊರಡುವ ಮುಂಚೆ ಭಾರದ ಸಾಮಾನನ್ನೆಲ್ಲ ಕಾರ್ಗೋದಲ್ಲಿ ಕಳಿಸುತ್ತಿದ್ದರು. ಮೊದಲು ಕಾರ್ಟನ್ ಬರುವುದು, ಆಮೇಲೆ ಉಪ್ಪ ಬರುವುದು.

"ಉಪ್ಪ ಬರೋದಿಲ್ಲ ಇಜ್ಜು. ನಿನಗೆ ಅವತ್ತೇ ಹೇಳಿದ್ದೇವೆ."

"ಬಂಡಲ್ ಬಿಡ್ಬೇಡ! ಮತ್ತೆ ಕಾರ್ಟನ್ ಯಾಕೆ ಬಂತು?"

ಅವನು ಒಳಗೆ ಓಡಿ ಉಮ್ಮನ ಕೈ ಹಿಡಿದು ಎಳೆದುಕೊಂಡು ಬಂದ. "ಉಮ್ಮ, ನೀನು ಹೇಳು. ಉಪ್ಪ ಬರ್ತಾರಲ್ಲ?"

ಉಮ್ಮ ಬಾಗಿಲವರೆಗೆ ಬಂದರು. ಪೆಟ್ಟಿಗೆಯನ್ನು ನೋಡಿದರು. ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟರು.

ಇವತ್ತು ಬೆಳಿಗ್ಗೆ, ಎಷ್ಟೋ ದಿನಗಳ ಮೇಲೆ, ಉಮ್ಮ ಸಫಾಳಿಗೆ ಜಡೆ ಹಾಕಿದ್ದರು. ಗಂಜಿಗೆ ಉಪ್ಪು ಕಮ್ಮಿ ಎಂದಿದ್ದರು. ಈಗ ಮುಖ ಮತ್ತೆ ಮೊದಲ ದಿನದ ಹಾಗೆ. ಅದರಲ್ಲಿ ಎಂತದೂ ಇರಲಿಲ್ಲ.

ಅಜ್ಜ ಟೇಪು ಕತ್ತರಿಸಲು ಚಾಕು ತಂದರು.

"ಇವತ್ತು ಬೇಡ ಅಜ್ಜ," ಎಂದಳು ಸಫಾ.

ಅಜ್ಜ ಒಮ್ಮೆ ಸೊಸೆಯನ್ನು ನೋಡಿ, ಚಾಕುವನ್ನು ಒಳಗಿಟ್ಟು ಬಂದರು.

ಮಸೀದಿಯಲ್ಲಿ ಸಂಜೆಯ ಮಗ್ರಿಬ್ ಬಾಂಗ್ ಆಯಿತು. ಇಜಾಝ್ ಪೆಟ್ಟಿಗೆಗೆ ಒರಗಿ, ಗೇಟು ನೋಡುತ್ತಾ ನೋಡುತ್ತಾ ಶೂ ಹಾಕಿಕೊಂಡೇ ನಿದ್ದೆಹೋದ. ಸಫಾ ಪುಸ್ತಕ ತೆರೆದು ಪಶ್ಚಾತ್ ಕಂಪನದ ಸಾಲಿನ ಪಕ್ಕದ ಆ ಪ್ರಶ್ನೆ ಚಿಹ್ನೆಯನ್ನು ರಬ್ಬರಿನಿಂದ ಅಳಿಸಿದಳು.

"ಪಾಠ ಆಯ್ತಾ?" ಅಜ್ಜ ಕೇಳಿದರು.

"ಆಯ್ತು. ಅಜ್ಜ, ನಾಳೆ ಇವನು ಏಳುವ ಮೊದಲು ನನ್ನನ್ನು ಎಬ್ಬಿಸಿ."

"ಓದಲಿಕ್ಕಾ?"

"ಅಲ್ಲ. ಎದ್ದ ಕೂಡಲೇ ಮತ್ತೆ ಕೇಳ್ತಾನೆ. ಉಮ್ಮನ ಹತ್ತಿರ ಬೇಡ. ನನ್ನ ಹತ್ತಿರ ಕೇಳಲಿ."